ಮುಖ ಬರೆಯದ ಹಯಾಶಿ-ಸಾನ್

ಹಯಾಶಿ-ಸಾನ್ ದೇವರ ಚಿತ್ರವನ್ನು ಎಂಜಲಿನಿಂದ ಒರೆಸುತ್ತಿದ್ದರು. ಕಡ್ಡಿಗೆ ಹತ್ತಿ ಸುತ್ತಿ, ನಾಲಗೆಗೆ ತಾಗಿಸಿ, ಬಣ್ಣಕ್ಕೆ ಅಂಟಿದ ಕೊಳೆಯ ಮೇಲೆ ಮೆಲ್ಲಗೆ ಹೊರಳಿಸುವುದು. ಮೊದಲ ದಿನ ಕಂಡಾಗ ನನಗೆ ಮೈಯೆಲ್ಲ ಉರಿಯಿತು. ಉಗುಳಿನಷ್ಟು ಮೆದುವಾದ ನೀರು ಅಂಗಡಿಯಲ್ಲಿ ಸಿಗುವುದಿಲ್ಲ ಎಂದರು.

ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಟೋಕಿಯೋಗೆ ಬೆಂಗಳೂರಿನ ಹುಡುಗರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮೈಸೂರಿನ ಬಡಗಿ. ಅಲ್ಲಿನ ಹೋಟೆಲೊಂದರ ಮರಗೆಲಸಕ್ಕೆ ಬಂದವನು, ಅದು ಮುಗಿದ ಮೇಲೆ ಅದೇ ಊರಿನ ಕೋಟೋ ಎಂಬ ಭಾಗದಲ್ಲಿ ಹಳೆಯ ಚಿತ್ರಗಳನ್ನು ಸರಿಮಾಡುತ್ತಿದ್ದ ಈ ಹೆಂಗಸಿನ ಬಳಿ ಚೌಕಟ್ಟಿನ ಕೆಲಸಕ್ಕೆ ನಿಂತೆ. ನನ್ನ ಕೈಕೆಲಸಕ್ಕೆ ಯಾರೂ ಕೊಂಕು ತೆಗೆದವರಿಲ್ಲ.

ಒಂದು ಚರ್ಚಿನಿಂದ ಫ್ರಾನ್ಸಿನ ಹಳೆಯ ತೈಲಚಿತ್ರ ಬಂತು. ನದಿಯಲ್ಲಿ ತೇಲಿಬಂದ ಬುಟ್ಟಿಯಿಂದ ರಾಜಕುಮಾರಿ ಮಗು ಮೋಶೆಯನ್ನು ಎತ್ತಿಸುತ್ತಿದ್ದಾಳೆ. ಈಜಿಪ್ಟಿನವಳಿಗೆ ಫ್ರಾನ್ಸಿನ ರೇಷ್ಮೆ ಲಂಗ, ನೀಲಿ ರಿಬ್ಬನ್ನು, ಮೇಲೆ ಗುಲಾಬಿ ಮೋಡ. ಕರ್ಣನ ಕಥೆ ಕೇಳಿ ಬೆಳೆದವನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಆದರೆ ತೇವಕ್ಕೆ ಬಣ್ಣ ಉದುರಿ ಮಗುವಿನ ಮುಖವೇ ಹೋಗಿತ್ತು.

ಆ ಜಾಗಕ್ಕೆ ಹಯಾಶಿ-ಸಾನ್ ಬರೀ ಮಣ್ಣಿನ ಬಣ್ಣ ತುಂಬಿ ಬಿಟ್ಟರು. ಮುಖ ಬರೆಯದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಚರ್ಚಿನವರು ಹೇಳಿಹೋದರು. ನಮ್ಮ ಕೈಯಲ್ಲಿದ್ದದ್ದು ಅದೊಂದೇ ಕೆಲಸ. ಅದೂ ಹೋದರೆ ಅಂಗಡಿಗೆ ಬೀಗ.

ನಾನು ತಡೆಯಲಾರದೆ, ನನ್ನ ಅರೆಬರೆ ಜಪಾನಿ ಮಾತಿನಲ್ಲೇ ಹೇಳಿದೆ: "ಭಿನ್ನ ಆದ ಮೂರ್ತಿಗೆ ನಮ್ಮಲ್ಲಿ ಪೂಜೆನೇ ಇಲ್ಲ, ಹಯಾಶಿ-ಸಾನ್. ಇದೇ ಚಿತ್ರದ ಚೌಕಟ್ಟಿನ ಮುರಿದ ಮೂಲೆ ನಾನು ಕೆತ್ತಿ ಕೂಡಿಸಲಿಲ್ವಾ?"

"ಉಳಿದ ಮೂರು ಮೂಲೆ ನೋಡಿ ಕೆತ್ತಿದ್ರಿ. ನಾನು ಏನನ್ನ ನೋಡಲಿ?"

"ಮಗು ತಾನೇ? ಎಲ್ಲಾ ಮಕ್ಕಳೂ ಒಂದೇ ಥರ ಇರ್ತವೆ."

"ಹಾಗಂತ ಯಾವ ತಾಯಿಗಾದ್ರೂ ಹೇಳಿ ನೋಡಿ," ಎಂದು ಕಡ್ಡಿಗೆ ಹತ್ತಿ ಸುತ್ತತೊಡಗಿದರು.

ಚಿತ್ರ ಬೇರೆಯವರ ಕೈಗೆ ಹೋಯಿತು. ವಸಂತದಲ್ಲಿ ಬೀಗವೂ ಬಿತ್ತು. ಕೊನೆಯ ದಿನ ನನ್ನ ಉಳಿಗಳನ್ನು ಅವರೇ ಬಟ್ಟೆಯಲ್ಲಿ ಸುತ್ತಿಕೊಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿ, ತ್ಸುಕುಬಾದ ತಂಗಿಯ ಮನೆಗೆ ಹೋದರು. ಅಲ್ಲೇ ತೀರಿಕೊಂಡರಂತೆ.

ಆಮೇಲೊಮ್ಮೆ ಆ ಚರ್ಚಿಗೆ ಹೋಗಿದ್ದೆ. ಯಾರೋ ಮುಖ ಬರೆದಿದ್ದರು: ಹಾಲಿನಪುಡಿ ಡಬ್ಬದ ಮೇಲಿರುವಂಥ ದುಂಡು ಕೆನ್ನೆಯ ಮಗು. ನಾನು ಕೇಳಿದ್ದು ಅದನ್ನೇ. ಅಷ್ಟು ಮಾಡಿದ್ದರೆ ಅಂಗಡಿ ಉಳಿಯುತ್ತಿತ್ತಲ್ಲ ಎಂದು ಆ ಹೆಂಗಸಿನ ಮೇಲೆ ಅಲ್ಲೇ ನಿಂತು ಸಿಟ್ಟುಮಾಡಿಕೊಂಡೆ. ಚೌಕಟ್ಟಿನಲ್ಲಿ ನಾನು ಕೆತ್ತಿದ ಮೂಲೆ ಯಾವುದೆಂದು ಗುರುತೇ ಸಿಗದಷ್ಟು ಚೆನ್ನಾಗಿ ಕೂತಿತ್ತು. ರಾಜಕುಮಾರಿಯ ಕಣ್ಣು ಮಾತ್ರ ಆ ಮುಖದ ಮೇಲಿರಲಿಲ್ಲ. ತುಸು ಪಕ್ಕಕ್ಕೆ, ತನ್ನ ಮಗುವನ್ನು ಹುಡುಕುತ್ತಿತ್ತು.