ಅವಳ ಪುಟದ ತಪ್ಪುಗಳು

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಯಲ್ಲಿರುವ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ನಾನು ಮುಂಜಾನೆ ಪಾಳಿಯ ಮೇಲ್ವಿಚಾರಕ. ನನ್ನ ಕೈಕೆಳಗೆ ಒಂಬತ್ತು ಜನ. ನಾನು ಶೆಡ್ಡಿಗೆ ಕಾಲಿಟ್ಟರೆ ಅವರ ಮಾತು ನಿಲ್ಲುತ್ತಿತ್ತು. ಅದನ್ನೇ ನಾನು ಬಹಳ ವರ್ಷ ಮರ್ಯಾದೆ ಎಂದುಕೊಂಡಿದ್ದೆ.

ಮಧ್ಯಾಹ್ನದ ಪಾಳಿಯ ಮೇಲ್ವಿಚಾರಕರು ನಿವೃತ್ತರಾದಾಗ, ಆಫೀಸಿನಲ್ಲಿ ಫೋನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ಮಾಲೀಕರು ಆ ಜಾಗಕ್ಕೆ ತಂದರು. ಬೇವೂರಿನವಳು, ಮೂವತ್ತು ದಾಟಿರಲಿಲ್ಲ. ಬಾಗಲಕೋಟೆಯಲ್ಲಿ ಮನಶ್ಶಾಸ್ತ್ರ ಓದಿದ್ದಳಂತೆ.

“ಕಲ್ಲಿಗೆಲ್ಲಿ ಮನಸ್ಸ ಇರ್ತೈತ್ರಿ?” ಎಂದು ನಾನು ಮಾಲೀಕರ ಎದುರೇ ನಕ್ಕೆ. ಅವರು ನಗಲಿಲ್ಲ.

ತಿಂಗಳು ಕಳೆಯುವುದರೊಳಗೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನನ್ನ ಪಾಳಿ ಮುಗಿದ ಮೇಲೂ ನನ್ನ ಹುಡುಗರು ಮನೆಗೆ ಹೋಗದೆ, ಅವಳ ಪಾಳಿಯವರ ಜೊತೆ ಚಹಾ ಕುಡಿಯುತ್ತ ನಿಲ್ಲುತ್ತಿದ್ದರು. ಹನ್ನೊಂದು ವರ್ಷದಿಂದ ನನ್ನ ಕೆಳಗೆ ದುಡಿದವನೊಬ್ಬ ಮಗಳ ಮದುವೆ ಗೊತ್ತಾದ ಸುದ್ದಿಯನ್ನು ಮೊದಲು ಹೇಳಿದ್ದು ಅವಳಿಗೆ. ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಅದೂ ಬಸ್ಸಿನಲ್ಲಿ, ಬೇರೆಯವರಿಂದ. ಅವಳ ನಗು ಕೇಳಿದರೆ ಸಾಕು, ನಾನು ಯಂತ್ರದ ಶಬ್ದ ಜೋರಾಗಲಿ ಎಂದು ಬಯಸುತ್ತಿದ್ದೆ.

ಒಂದು ಸಮಾಧಾನವಿತ್ತು. ಕಲ್ಲು ಒಡೆದರೆ, ಬಿರುಕು ಬಿಟ್ಟರೆ ಬರೆಯಬೇಕಾದ ಪುಸ್ತಕ ಒಂದಿತ್ತು. ಅದರಲ್ಲಿ ಅವಳ ಪಾಳಿಯ ಪುಟ ತುಂಬಿ ತುಳುಕುತ್ತಿತ್ತು. ನನ್ನ ಪುಟ ಖಾಲಿ. ನಾನು ಪುಸ್ತಕ ಹಿಡಿದು ಮಾಲೀಕರ ಕೋಣೆಗೆ ಹೋದೆ.

“ನೋಡ್ರಿ, ಓದಿದವರ ಕಾರಭಾರ,” ಎಂದೆ. ಅವರು ಎರಡೂ ಪುಟ ನೋಡಿ, “ಇರ್ಲಿ, ಇಟ್ಟ ಹೋಗ್ರಿ,” ಎಂದರಷ್ಟೆ.

ಅದಾದ ವಾರಕ್ಕೇ ಬಾದಾಮಿಯಿಂದ ಫೋನು ಬಂತು. ಅಲ್ಲಿ ಹೊಸದಾಗಿ ಖಾನಾವಳಿ ತೆರೆದ ಒಬ್ಬ ಹೆಂಗಸು ನಮ್ಮಿಂದ ಒಯ್ದ ಕಲ್ಲನ್ನು ಅಡಿಗೆಕಟ್ಟೆಗೆ ಹಾಸಿದ್ದರು. ಬಿಸಿ ಹಂಚು ಇಟ್ಟ ಕೂಡಲೇ ಅದು ಎರಡು ಹೋಳಾಗಿತ್ತು. ಕಲ್ಲು ನನ್ನ ಪಾಳಿಯದು. ನಾನು ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಕೂಗಾಡಿದೆ. “ಯಾಂವಲೇ ಮಾಡಿದಾಂವ?” ಒಬ್ಬನೂ ತಲೆ ಎತ್ತಲಿಲ್ಲ.

ಮಾಲೀಕರು ಬಾದಾಮಿಗೆ ನಮ್ಮಿಬ್ಬರನ್ನೂ ಕಳಿಸಿದರು. ಹೋಳುಗಳ ಅಂಚಿನ ಮೇಲೆ ಅವಳು ಬೆರಳಾಡಿಸಿ, ನನಗಷ್ಟೇ ಕೇಳುವಂತೆ ಹೇಳಿದಳು: “ಇದು ಮೊದ್ಲ ಬಿರುಕ ಬಿಟ್ಟಿತ್ರಿ. ಅಂಟು ತುಂಬಿ, ಮ್ಯಾಲೆ ಪಾಲಿಶ್ ಹೊಡದಾರ.” ಅಷ್ಟರಲ್ಲಿ ನಾನು ಖಾನಾವಳಿಯವರಿಗೆ ಕಲ್ಲು ಕೂರಿಸಿದವರ ತಪ್ಪಿರಬೇಕು ಎಂದು ಹೇಳಲು ಶುರುಮಾಡಿದ್ದೆ. ಅವಳು ನಡುವೆ ಬಾಯಿ ಹಾಕಿದಳು. “ಇಲ್ರಿ ಅಕ್ಕಾರ, ತಪ್ಪು ನಮ್ದ ಐತ್ರಿ. ಬ್ಯಾರೆ ಕಲ್ಲ ಕಳಸ್ತೇವಿ.” ಜಗಳಕ್ಕೆ ಸೆರಗು ಬಿಗಿದು ನಿಂತಿದ್ದ ಆ ಹೆಂಗಸು ನಮ್ಮನ್ನು ಕೂರಿಸಿ ರೊಟ್ಟಿ ಬಡಿಸಿದರು. ಮೊದಲ ರೊಟ್ಟಿ ಅವಳ ತಟ್ಟೆಗೇ ಬಿತ್ತು. ಕಲ್ಲಿನ ಕೆಲಸದಲ್ಲಿ ನನ್ನ ತಲೆ ನೆರೆತಿದೆ, ಮನ್ನಣೆ ಅವಳಿಗೆ.

ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ತಡೆಯಲಾರದೆ ಕೇಳಿದೆ. “ನಿನಗ ಹುಡುಗ್ರು ಎಲ್ಲಾ ಹೆಂಗ ಹೇಳ್ತಾರವಾ?”

“ನಾ ಮೊದ್ಲ ನಂದ ತಪ್ಪ ಹೇಳ್ತೇನ್ರಿ. ನಾಕ ಮಂದಿ ಮುಂದ ಬೈಸ್ಕೊಂಡಾಂವ ತಪ್ಪ ಮಾಡೋದ ಬಿಡಂಗಿಲ್ರಿ, ಹೇಳೋದ ಬಿಡ್ತಾನ. ಓದಿದ್ರಾಗ ಇದೊಂದ ನನಗ ಉಪಯೋಗಕ್ಕ ಬಂದದ್ದು.”

ಇಷ್ಟೇನಾ ಎನಿಸಿತು. ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಅಸೂಯೆ ಇನ್ನೂ ಹೆಚ್ಚಿತು. ನನ್ನ ಪುಟ ಯಾಕೆ ಖಾಲಿಯಾಗಿತ್ತು ಎಂಬುದೂ ಆಗಲೇ ಅರ್ಥವಾಯಿತು. ಮಾಲೀಕರಿಗೆ ಅದು ಮೊದಲೇ ಅರ್ಥವಾಗಿರಬೇಕು.

ಮರುದಿನ ಅವಳ ಹಾಗೆಯೇ ಮೆತ್ತಗೆ ಕೇಳಿದೆ: “ಯಾರ ಮಾಡಿದ್ರೂ ಹೇಳ್ರಿ, ಸಿಟ್ಟಾಗಂಗಿಲ್ಲ.” ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮೆತ್ತಗಿನ ದನಿಗೆ ಹೆಚ್ಚು ಹೆದರಿದಂತಿತ್ತು. ಎರಡು ದಿನ ಹೀಗೆಯೇ ಹೋಯಿತು.

ಮೂರನೆಯ ದಿನ ನಾನು ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದೆ. ನಾನು ಹೊಸಬನಾಗಿದ್ದಾಗ ದೊಡ್ಡ ಕಲ್ಲೊಂದನ್ನು ಕೈಜಾರಿ ಒಡೆದಿದ್ದೆ. ಬೈಗುಳ ಬಿದ್ದದ್ದು ಪಕ್ಕದಲ್ಲಿದ್ದವನ ಮೇಲೆ. ನಾನು ಸುಮ್ಮನೆ ನಿಂತಿದ್ದೆ. ಅವನು ಮರುವಾರ ಕೆಲಸ ಬಿಟ್ಟು ಹೋದ. ಕೇಳಿಸಿಕೊಂಡು ಎಲ್ಲರೂ ತಮ್ಮ ತಮ್ಮ ಯಂತ್ರದ ಕಡೆ ಹೋದರು.

ಮರುದಿನ ಪಾಳಿ ಶುರುವಾಗುವ ಮುಂಚೆ ಒಬ್ಬ ಬಂದು ಬಾಗಿಲಲ್ಲಿ ನಿಂತ. ಮಗಳ ಮದುವೆಯ ಸುದ್ದಿಯನ್ನು ನನಗೆ ಹೇಳದವನೇ.

“ಬಾದಾಮಿ ಕಲ್ಲಿಗೆ ಅಂಟು ತುಂಬಿದಾಂವ ನಾನ ರಿ. ಇನ್ನೂ ಎರಡ ಅದಾವ್ರಿ, ಒಳಗ.”

ಬಾಯಿಗೆ ಬಂದ ಬೈಗುಳವನ್ನು ನುಂಗಿದೆ. “ತೋರ್ಸ ನಡಿ,” ಎಂದೆ. ಇಬ್ಬರೂ ಸೇರಿ ಆ ಎರಡು ಕಲ್ಲುಗಳನ್ನು ಹೊರಗೆಳೆದು ಇಟ್ಟೆವು. ಅಂದು ನನ್ನ ಪುಟದಲ್ಲಿ ಮೊದಲ ಸಾಲು ಬಿತ್ತು.

ಆರು ತಿಂಗಳ ಮೇಲೆ ಮಾಲೀಕರು ಎರಡೂ ಪಾಳಿಗಳನ್ನು ಅವಳಿಗೆ ಒಪ್ಪಿಸಿದರು. ನಾನೀಗ ಅವಳ ಕೈಕೆಳಗೆ. ಆ ದಿನ ಸಂಜೆ ಅವಳ ಮೇಜಿನ ಮುಂದೆ ಹೋಗಿ ನಿಂತು ಹೇಳಿಯೇಬಿಟ್ಟೆ: “ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ. ಮೊದಲ ದಿನದಿಂದ್ಲೂ.”

ಅವಳು ಮುಖ ಎತ್ತಿದಳು. “ನನಗೂ ಹಂಗ ರಿ. ನೀವು ಕಲ್ಲ ಬಡದ ನೋಡಿ, ಒಳಗ ಬಿರುಕ ಐತೋ ಇಲ್ಲೋ ಸಪ್ಪಳದಾಗ ಹೇಳ್ತೀರಿ. ನನಗ ಎಲ್ಲಾ ಒಂದ ಸಪ್ಪಳ ಕೇಳ್ತೈತಿ. ಕಲಸ್ತೀರೇನ್ರಿ?”

ಕಲಿಸುತ್ತೇನೆ ಎಂದೆ. ಆದರೂ ಅದೂ ಇದೂ ನೆವ ಹೇಳಿ ಹದಿನೈದು ದಿನ ಮುಂದೂಡಿದೆ. ನನ್ನದು ಎಂದು ಉಳಿದಿದ್ದು ಅದೊಂದೇ ಆಗಿತ್ತು. ಕೊನೆಗೊಂದು ಸೋಮವಾರ ಅವಳೇ ಸುತ್ತಿಗೆ ಹಿಡಿದು ಶೆಡ್ಡಿಗೆ ಬಂದಳು. ನಾನು ಒಂದು ಒಳ್ಳೆಯ ಕಲ್ಲು, ಒಂದು ಕೆಟ್ಟ ಕಲ್ಲು ಪಕ್ಕಪಕ್ಕ ಇಟ್ಟು, “ಕಣ್ಣ ಮುಚ್ಚವಾ,” ಎಂದೆ.