ಕೀಲಿ ಹಾಕಿದ ಟ್ರಂಕಿನಾಗ ಒಡೆದ ಸ್ಕ್ರೀನ್

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಿಂಬೆಹಣ್ಣಿನ ಚೀಲ ಹೊಲಿಯುವವರ ಮಗ್ಗುಲಿಗೆ, ಮುಬೀನಾಳ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಎಂಟಡಿ ಅಗಲದ ಜಾಗ, ಒಂದು ಮೇಜು, ಒಂದು ಭೂತಗನ್ನಡಿ, ಗೋಡೆಗೆ ಒರಗಿಸಿಟ್ಟ ಸತ್ತ ಸ್ಕ್ರೀನುಗಳ ಸಾಲು. ಹದಿನೆಂಟನೆಯ ವಯಸ್ಸಿಗೆ ಸಿಂದಗಿಯ ಸೋದರಮಾವ ಅಬ್ದುಲರಜಾಕನ ಕೈಕೆಳಗೆ ರೇಡಿಯೋ, ಟಿ.ವಿ. ರಿಪೇರಿ ಕಲಿತವಳು. ಈಗ ಮೂವತ್ತೊಂಬತ್ತು. ಹೆಂಗಸಿನ ಕೈಯಲ್ಲಿ ಮಶೀನು ಕೊಡಲು ಮೊದಮೊದಲು ಹಿಂದೆಮುಂದೆ ನೋಡಿದ ಊರು, ಈಗ ಮುದ್ದೇಬಿಹಾಳ, ಬಾಗೇವಾಡಿಯವರೂ ಹುಡುಕಿಕೊಂಡು ಬರುವುದನ್ನು ನೋಡಿ ಸುಮ್ಮನಾಗಿದೆ.

ಅವಳ ಹೆಸರು ನಿಂತದ್ದು ಸ್ಕ್ರೀನಿನ ಕೆಲಸದಲ್ಲಿ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಒಂದು ಫಜೀತಿ ಇದೆ. ಮೇಲಿನ ಹೆಸರು ಒಂದೇ ಇದ್ದರೂ ಒಳಗೆ ಒಂದೊಂದರಲ್ಲಿ ಒಂದೊಂದು ನಮೂನೆಯ ಸ್ಕ್ರೀನು ಕೂತಿರುತ್ತದೆ. ಹೆಸರು ನೋಡಿ ತರಿಸಿದವರು ಮೋಸಹೋಗುತ್ತಾರೆ. ಮುಬೀನಾ ಮೊದಲು ಹಳೆಯದನ್ನು ಬಿಚ್ಚುವಳು. ಅದರ ಬೆನ್ನಿಗೆ ಅಂಟಿಸಿದ ಚೀಟಿಯ ನಂಬರನ್ನು ಅಕ್ಷರ ಬಿಡದಂತೆ ಬರೆದುಕೊಳ್ಳುವಳು. ತಂತಿ ಕೂರುವಲ್ಲಿ ಪಿನ್ನು ಮೂವತ್ತೋ ನಲವತ್ತೋ, ಸ್ಕ್ರೂ ಹಾಕುವ ಕಿವಿಗಳು ಎಲ್ಲಿವೆ, ಮೈ ಹೊಳಪೋ ಮಂಕೋ, ಎಲ್ಲ ತಾಳೆ ನೋಡಿ ಆಮೇಲೆಯೇ ವಿಜಯಪುರದ ವ್ಯಾಪಾರಿಗೆ ಫೋನು. ಅವಳು ಹಾಕಿದ ಸ್ಕ್ರೀನು ತಿರುಗಿ ಬಂದದ್ದಿಲ್ಲ ಎನ್ನುವುದು ಅವಳ ಹೆಮ್ಮೆ.

ಮಾರ್ಚ್ ಮೊದಲಲ್ಲಿ ಲಚ್ಯಾಣದಿಂದ ವಿಜಯಶ್ರೀ ಎನ್ನುವವಳು ಬಂದಳು. ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕಿ. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಮನೆಯಲ್ಲಿ ಅವಳು ಮತ್ತು ಅತ್ತೆ ಹೊನ್ನವ್ವ, ಇಬ್ಬರೇ. ಲ್ಯಾಪ್‌ಟಾಪ್ ತೆರೆದರೆ ಪರದೆಯ ಮೇಲಂಚಿನಲ್ಲಿ, ನಟ್ಟನಡುವಿನಿಂದ ಸ್ವಲ್ಪ ಎಡಕ್ಕೆ, ಮಸಿ ಚೆಲ್ಲಿದಂಥ ಕಪ್ಪು ಕಲೆ. ಅದರಿಂದ ನಾಲ್ಕು ಗೆರೆ ಕೆಳಗಿಳಿದಿದ್ದವು.

“ಬೀಳಿಸಿಲ್ಲ, ಬಡದಿಲ್ಲ, ಮುಬೀನಾ ಅಕ್ಕಾ. ಮುಂಜಾನಿ ತಗದ್ರ ಹಿಂಗ ಆಗಿತ್ತು.”

ಬಿದ್ದ ಸ್ಕ್ರೀನು ಮೂಲೆಯಲ್ಲಿ ಒಡೆಯುತ್ತದೆ. ಇದರ ಮೂಲೆಗಳು ನೆಟ್ಟಗಿದ್ದವು. ಮುಚ್ಚಳದ ಹೊರಗೂ ಒಂದು ಗೀರಿರಲಿಲ್ಲ.

“ಹಂಗಾರ ಯಾರೋ ಇದರ ಮ್ಯಾಲೆ ಭಾರ ಇಟ್ಟಾರ ನೋಡ್ರಿ, ಟೀಚರ. ಇಲ್ಲಾ ಕೂತಾರ. ಮನ್ಯಾಗ ಒಂಚೂರು ವಿಚಾರ ಮಾಡ್ರಿ,” ಅಂದಳು ಮುಬೀನಾ. ಕೆಲಸದ ನಡುವೆ ಆಡಿದ ಮಾತು. ಆದರೆ ವಿಜಯಶ್ರೀಯ ಮುಖ ಬದಲಾದದ್ದನ್ನು ಅವಳು ಗಮನಿಸದೆ ಇರಲಿಲ್ಲ.

ಅಂಚಿನ ಚೌಕಟ್ಟು ಬಿಚ್ಚಿ ಸ್ಕ್ರೀನು ಹೊರತೆಗೆದಳು. ಮೂವತ್ತು ಪಿನ್ನಿನದು. ವಿಜಯಪುರದ ವ್ಯಾಪಾರಿ, ಅದೇ ಹೆಸರಿನ ಲ್ಯಾಪ್‌ಟಾಪಿನದು ನಲವತ್ತು ಪಿನ್ನಿನದಿದೆ, ಬರೋಬ್ಬರಿ ಆಗುತ್ತದೆ ಎಂದು ಎರಡು ಸಲ ಹೇಳಿದ. ಮುಬೀನಾ ಒಪ್ಪಲಿಲ್ಲ. ಚೀಟಿಯ ಫೋಟೋ ಕಳಿಸಿ, ಅದೇ ನಂಬರಿನದನ್ನೇ ಹುಡುಕಿಸಿ, ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿಕೊಂಡಳು. ಯಾವ ಕೆಲಸವೇ ಇರಲಿ, ಮೊದಲು ಕರೆಂಟು ಕಳಚು ಎಂದು ಮಾವ ಕಲಿಸಿದ್ದ. ಲ್ಯಾಪ್‌ಟಾಪಿನಲ್ಲಿ ಅದು ತಳ ಬಿಚ್ಚಿ ಬ್ಯಾಟರಿಯ ತಂತಿ ಕಳಚುವುದು. ತಳಕ್ಕೆ ಹನ್ನೊಂದು ಸ್ಕ್ರೂ. ಒಂಬತ್ತನೆಯದರ ತಲೆ ಸವೆದು ಸ್ಕ್ರೂಡ್ರೈವರ್ ಜಾರತೊಡಗಿತು. ಸ್ಕ್ರೀನು ಬದಲಿಸಲು ತಳ ಬಿಚ್ಚಲೇಬೇಕೆಂದೇನಿಲ್ಲ. ಬಿಚ್ಚಿದ ಎಂಟನ್ನೂ ತಿರುಗಿ ಬಿಗಿದು ಮೇಲಿನಿಂದಲೇ ಕೆಲಸ ಮುಗಿಸಿದಳು. ಹೊಸ ಸ್ಕ್ರೀನು ಗೂಡಿನಲ್ಲಿ ಕೂತದ್ದು ಅಲ್ಲೇ ಹುಟ್ಟಿದಂತಿತ್ತು. ಕೊಡುವ ಮುಂಚೆ ಟಚ್‌ಪ್ಯಾಡ್ ಒತ್ತಿ ನೋಡಿದಾಗ ಅದು ಟಕ್ಕೆನ್ನದೆ ಬಿರುಸಾಗಿ ನಿಂತಿತು. ಧೂಳು ಕೂತಿರಬೇಕು ಅಂದುಕೊಂಡಳು.

ಲಚ್ಯಾಣದಲ್ಲಿ ಏನು ನಡೆಯಿತೆಂಬುದು ಆಮೇಲೆ ಗೊತ್ತಾದ ಸಂಗತಿ. ಸೊಸೆ ಮನೆಗೆ ಹೋಗಿ ಅತ್ತೆಯನ್ನು ಕೇಳಿದಳು. ನೇರವಾಗಿ ಕೇಳಲಿಲ್ಲ, ಹಾಸಿಗೆ ಮಡಚುವಾಗ ಲ್ಯಾಪ್‌ಟಾಪಿನ ಮೇಲೇನಾದರೂ ಇಟ್ಟಿರೇನು ಎಂದಳು. ಸೊಸೆ ಸಂಜೆಯೆಲ್ಲ ಆ ಡಬ್ಬಿಯ ಮುಂದೆ ಕೂರುವುದು ಹೊನ್ನವ್ವನಿಗೆ ಹಿಡಿಸುತ್ತಿರಲಿಲ್ಲ, ಅದನ್ನು ಬಾಯಿಬಿಟ್ಟು ಆಡಿಯೂ ಇದ್ದಳು. ಹೀಗಾಗಿ ಪ್ರಶ್ನೆಯೊಳಗಿನ ಪ್ರಶ್ನೆ ಅವಳಿಗೆ ತಿಳಿಯಿತು. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ತನ್ನ ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದು, ಕೀಲಿಕೈಯನ್ನು ಸೊಸೆಯ ಮುಂದೆ ಇಟ್ಟಳು.

“ದಿನಾ ಕೆಲಸ ಮುಗಿದ ಮ್ಯಾಲೆ ಇದರಾಗ ಇಟ್ಟು ಕೀಲಿ ಹಾಕು. ಕೀಲಿಕೈ ನೀ ಇಟ್ಕೊ. ನಾ ಇದರ ಮ್ಯಾಲಿನ ಮಂಚದಾಗ ಮಲಗತೇನಿ. ಆಮ್ಯಾಲೆ ಒಡೀತಂದ್ರ ಯಾರ ಹೆಸರು ತಗೊಂತಿ ನೋಡೂಣು.”

ವಿಜಯಶ್ರೀ ಹಾಗೇ ಮಾಡಿದಳು. ರಾತ್ರಿ ಕೆಲಸ ಮುಗಿಸಿ ಟ್ರಂಕಿಗೆ ಹಾಕುವಳು, ಬೆಳಿಗ್ಗೆ ತೆಗೆಯುವಳು. ಶಾಲೆಗೆ ಹೋಗುವ ಮುಂಚೆ ಚಾರ್ಜು ತುಂಬಿಸಿ, ಧೂಳು ಬೀಳದಂತೆ ಕೌದಿಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿಕೊಂಡು ಹೋಗುವಳು. ಮನೆಯಲ್ಲಿ ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು.

ಮೂರು ವಾರದ ಮೇಲೆ, ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಮುಬೀನಾಳ ಫೋನಿಗೆ ಒಂದು ಫೋಟೋ ಬಂತು. ಕೆಳಗೆ ವಿಜಯಶ್ರೀಯ ದನಿ: “ಅಕ್ಕಾ, ಮತ್ತ ಒಡದೈತಿ. ಕೀಲಿ ಹಾಕಿದ ಟ್ರಂಕಿನಾಗ ಒಡದೈತಿ. ಕೀಲಿಕೈ ನನ್ನ ತಾಳಿಗೆ ಕಟ್ಕೊಂಡೇನಿ. ಅತ್ತಿ ಮುಖಾ ನೋಡಾಕ ಆಗವಲ್ದು. ಚಾರ್ಜ್ ತುಂಬಿಸಿ ಕೌದ್ಯಾಗ ಸುತ್ತಿ ಮತ್ತ ಅತ್ತಿ ಮಂಚದ ಕೆಳಗಿನ ಟ್ರಂಕಿನಾಗ ಇಟ್ಟು ಸಾಲಿಗೆ ಹೊಂಟೇನಿ, ನಾಳೆ ತರತೇನಿ.”

ಆಗ ಮುಬೀನಾಳ ಮುಂದೆ ಮೂವರು ಗಿರಾಕಿಗಳಿದ್ದರು. ಅವರನ್ನು ಕಳಿಸಿ, ಫೋಟೋ ದೊಡ್ಡದು ಮಾಡಿ ನೋಡುವಷ್ಟರಲ್ಲಿ ಹನ್ನೊಂದೂವರೆ. ಅದೇ ಮೇಲಂಚು, ಅದೇ ಕಪ್ಪು, ನಡುವಿನಿಂದ ಅಷ್ಟೇ ಎಡಕ್ಕೆ. ಹೊರಗಿನ ಭಾರ ಎರಡು ಸಲ ಒಂದೇ ಬೊಟ್ಟಿನ ಜಾಗಕ್ಕೆ ಬೀಳುವುದಿಲ್ಲ. ಕಪಾಟಿನಲ್ಲಿದ್ದ ಅಂಥದೇ ಇನ್ನೊಂದು ಲ್ಯಾಪ್‌ಟಾಪನ್ನು ತೆಗೆದು ಮೆಲ್ಲಗೆ ಮುಚ್ಚಿದಳು. ಪರದೆಯ ಮೇಲಂಚು ಇಳಿದು ಕೂತದ್ದು ಟಚ್‌ಪ್ಯಾಡಿನ ಮೇಲೆ. ಟಚ್‌ಪ್ಯಾಡಿನ ಕೆಳಗೆ ಇರುವುದು ಬ್ಯಾಟರಿ.

ಯಾರೂ ಮೇಲಿನಿಂದ ಒತ್ತಿರಲಿಲ್ಲ. ಒಳಗಿನಿಂದ ಉಬ್ಬುತ್ತಿದ್ದ ಬ್ಯಾಟರಿ, ಮುಚ್ಚಿದಾಗಲೆಲ್ಲ ಟಚ್‌ಪ್ಯಾಡನ್ನು ಎತ್ತಿ ಪರದೆಯನ್ನು ಒಡೆಯುತ್ತಿತ್ತು. ಮೊದಲ ಸಲವೇ ಅದು ಬೆರಳಿಗೆ ಬಿರುಸಾಗಿ ತಾಗಿತ್ತು. ಈಗ ತುಂಬ ಚಾರ್ಜಾಗಿ, ಕೌದಿಯೊಳಗೆ, ತಗಡಿನ ಟ್ರಂಕಿನಲ್ಲಿ, ನಲವತ್ತೆರಡು ಡಿಗ್ರಿ ಬಿಸಿಲಿಗೆ ಕಾದ, ಪತ್ರಾಸ್ ತಗಡು ಹೊದಿಸಿದ ಮನೆಯಲ್ಲಿ ಇತ್ತು. ಅದರ ಮೇಲೆ ಮುದುಕಿಯ ಮಂಚ.

ಫೋನು ಹಚ್ಚಿದಳು. ಬಡಿದು ಬಡಿದು ನಿಂತಿತು. ವಿಜಯಶ್ರೀ ಪಾಠಕ್ಕೆ ನಿಂತರೆ ಫೋನು ಚೀಲದಲ್ಲಿರುತ್ತದೆ. ಬಸ್ಸಿಗೆ ಕಾಯುವ ಧೈರ್ಯವಾಗಲಿಲ್ಲ. ಶಟರ್ ಎಳೆದು, ಸ್ಕೂಟಿ ತೆಗೆದಳು. ದಾರಿಯುದ್ದಕ್ಕೂ ದೂರದಲ್ಲಿ ಎಲ್ಲಿ ಹೊಗೆ ಕಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕಬ್ಬು ಕಡಿದ ಹೊಲದಲ್ಲಿ ಒಣಗರಿಯ ರವದಿ ಸುಡುವ ಹೊಗೆ. ಆದರೂ ಊರು ಮುಟ್ಟುವ ತನಕ ಸ್ಕೂಟಿಯ ವೇಗ ಇಳಿಸಲಿಲ್ಲ.

ಮನೆ ಕೇಳಿಕೊಂಡು ಹೋದಾಗ ಬಾಗಿಲು ತೆರೆದಿತ್ತು. ಹೊನ್ನವ್ವ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಆಯಿ, ಏಳ್ರಿ. ಹೊರಗ ಬರ್ರಿ.”

“ಯಾರವ್ವ ನೀ?”

“ಇಂಡಿಯಿಂದ ಬಂದೇನ್ರಿ. ಲ್ಯಾಪ್‌ಟಾಪ್ ರಿಪೇರಿ ಮಾಡಾಕಿ. ಅದು ಟ್ರಂಕಿನಾಗ ಇರೂದು ಛಲೋ ಅಲ್ರಿ. ಬೆಂಕಿ ಹತ್ತಬಹುದು.”

ಮುದುಕಿ ಎದ್ದು ಕೂತಳು, ಇಳಿಯಲಿಲ್ಲ. “ಕೀಲಿಕೈ ಆಕಿ ಕಡೆ ಐತಿ. ನಾ ಅದನ್ನ ಮುಟ್ಟೂದಿಲ್ಲ. ಮುಟ್ಟಿದ್ರ ಮತ್ತ ನನ್ನ ಹೆಸರು ಬರತೈತಿ.”

“ನಿಮ್ಮ ಹೆಸರು ಬಂದದ್ದು ನನ್ನ ಮಾತಿನಿಂದ, ಆಯಿ. ಯಾರೋ ಭಾರ ಇಟ್ಟಾರ ಅಂತ ಹೇಳಿದಾಕಿ ನಾನ. ನಾ ಹೇಳಿದ್ದು ತಪ್ಪು.”

ಹೊನ್ನವ್ವ ಮಂಚದಿಂದಿಳಿದು, ಬಗ್ಗಿ ಟ್ರಂಕಿನ ಮೇಲೆ ಕೈಯಿಟ್ಟಳು. ಹೊರಗಿನ ಬಿಸಿಲಿಗೆ ಎಲ್ಲ ತಗಡೂ ಬೆಚ್ಚಗಿರುತ್ತದೆ. ಆದರೆ ಅವಳು ಬಲಗಡೆಯ ಮೂಲೆಗೆ ಬಂದಾಗ ಕೈ ಹಿಂದೆಳೆದುಕೊಂಡಳು.

“ಇಲ್ಲಿ ಅಷ್ಟ ಸುಡಾಕತ್ತೈತಿ.”

ಇಬ್ಬರೂ ಒಂದೊಂದು ಬದಿಯ ಹಿಡಿಕೆ ಹಿಡಿದು ಎಳೆದರು. ಮುಬೀನಾ ಅಲುಗಾಡಿಸದಂತೆ ಮೆಲ್ಲಗೆ ಎನ್ನುತ್ತಿದ್ದಳು. ಹೊಸ್ತಿಲು ದಾಟಿಸುವಾಗ ಒಳಗೆ ಏನೋ ಚುಯ್ ಎಂದಿತು, ನಿಂತಿತು. ಒಣ ಜೋಳದ ಕಣಿಕೆಯ ಬಣವೆಯಿಂದ ದೂರ, ಅಂಗಳದ ನಡುವೆ, ಮನೆ ಕಟ್ಟಲು ತಂದಿದ್ದ ಉಸುಕಿನ ಗುಡ್ಡೆಯ ಪಕ್ಕಕ್ಕೆ ಟ್ರಂಕು ಬಿಟ್ಟು ಹಿಂದೆ ಸರಿದರು. ಪಕ್ಕದ ಮನೆಯವರು ಶಾಲೆಗೆ ಸುದ್ದಿ ಮುಟ್ಟಿಸಿದರು.

ವಿಜಯಶ್ರೀ ಓಡಿ ಬಂದು, ಕೊರಳಿಗೆ ಕೈಹಾಕಿ ಕೀಲಿಕೈ ಬಿಚ್ಚುತ್ತಿದ್ದಳು. ಮುಬೀನಾ ಅವಳ ರಟ್ಟೆ ಹಿಡಿದಳು. “ತಗೀಬ್ಯಾಡ್ರಿ, ಟೀಚರ.”

ಅಷ್ಟರಲ್ಲಿ ಮುಚ್ಚಳದ ಸಂದಿನಿಂದ ಬಿಳಿ ಹೊಗೆ ಎಳೆಯಾಗಿ ಹೊರಟಿತು. ಸಿಹಿ ಸಿಹಿಯಾದ, ಮೂಗಿಗೆ ಒಗ್ಗದ ವಾಸನೆ. ಆಮೇಲೆ ಒಳಗೆ ಪಟಪಟ ಸಿಡಿದ ಸದ್ದು, ಸಂದಿನಿಂದ ಮೊಳದುದ್ದ ಬೆಂಕಿ. ಟ್ರಂಕಿನ ಬಣ್ಣ ಬೊಬ್ಬೆಯೆದ್ದು ಸುಲಿಯಿತು. ಜನ ದೂರದಿಂದಲೇ ಸಲಿಕೆಯಲ್ಲಿ ಉಸುಕು ಎರಚಿದರು. ಅರ್ಧ ತಾಸಿನ ಮೇಲೆ ಎಲ್ಲ ತಣ್ಣಗಾದಾಗ ಒಳಗೆ ಉಳಿದದ್ದು ಕರಕಲು. ಅದರಲ್ಲಿ, ಹೊನ್ನವ್ವ ತನ್ನ ಕಡೆಯ ದಿನಕ್ಕೆಂದು ಎತ್ತಿಟ್ಟಿದ್ದ ಇಳಕಲ್ ಸೀರೆಯ ಅಂಚಿನ ಒಂದು ತುಣುಕು ಮಾತ್ರ ಗುರುತು ಹತ್ತುವಂತಿತ್ತು.

ವಿಜಯಶ್ರೀ ಅತ್ತೆಯ ಕಾಲ ಬಳಿ ಕೂತು ಅಳತೊಡಗಿದಳು. ಹೊನ್ನವ್ವ ಅವಳ ತಲೆಯ ಮೇಲೆ ಕೈ ಇಡಲೂ ಇಲ್ಲ, ಅವಳನ್ನು ದೂಡಲೂ ಇಲ್ಲ. ಮುಬೀನಾಳ ಕಡೆ ತಿರುಗಿದಳು.

“ನೀ ಹಾಕಿದ ಪರದೆ ಬರೋಬ್ಬರಿ ಇತ್ತೇನು?”

“ಇತ್ತು, ಆಯಿ. ಆದ್ರ ನಾ ಪರದೆ ಅಷ್ಟ ನೋಡಿದೆ.”

“ಹೂಂ,” ಅಂದಳು ಮುದುಕಿ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಮುಂದೆ ಇಟ್ಟಳು.

ಅತ್ತೆ ಸೊಸೆ ಈಗ ಒಂದೇ ಮನೆಯಲ್ಲಿದ್ದಾರೆ, ಒಟ್ಟಿಗೆ ಉಣ್ಣುತ್ತಾರೆ. ಆದರೆ ಆ ಎರಡು ದಿನ ಉಪವಾಸದ ಮಾತು ಇಬ್ಬರೂ ಎತ್ತುವುದಿಲ್ಲ ಎಂದು ವಿಜಯಶ್ರೀ ಒಮ್ಮೆ ಫೋನಿನಲ್ಲಿ ಹೇಳಿದಳು.

ಮುಬೀನಾ ಮರುದಿನ ಅಂಗಡಿ ತೆರೆದರೂ ಕೆಲಸ ಮುಟ್ಟಲಿಲ್ಲ. ಒಂದು ವರ್ಷದಿಂದ ಸ್ಕ್ರೀನು ಹಾಕಿಸಿಕೊಂಡವರ ನಂಬರುಗಳನ್ನು ಫೋನಿನಲ್ಲಿ ಹುಡುಕಿ, ಒಬ್ಬೊಬ್ಬರಿಗೇ ಹಚ್ಚಿದಳು. ಟಚ್‌ಪ್ಯಾಡ್ ಒತ್ತಿ ನೋಡ್ರಿ, ಮಶೀನು ಮೇಜಿನ ಮೇಲಿಟ್ಟರೆ ಅಲುಗಾಡತೈತೇನು ನೋಡ್ರಿ. ಹೆಚ್ಚಿನವರು ನಕ್ಕು, ಎಲ್ಲ ಸರಿ ಐತ್ರಿ ಅಂದರು. ಹೂವಿನ ಹಿಪ್ಪರಗಿಯ ಸಿದ್ದಾರೂಢ ಎನ್ನುವವರ ಟಚ್‌ಪ್ಯಾಡ್ ಮಾತ್ರ ಮೇಲೆದ್ದಿತ್ತು. ಅವರು ಮಶೀನನ್ನು ಹಾಸಿಗೆಯ ಮೇಲಿಟ್ಟು ಚಾರ್ಜಿಗೆ ಹಾಕಿದ್ದರು. ಮುಬೀನಾ ಅಂದೇ ಬಾಗೇವಾಡಿ ಹಾದು ಅಲ್ಲಿಗೆ ಹೋಗಿ, ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಹೊರತೆಗೆದು, ಉಸುಕು ತುಂಬಿದ ಬಕೇಟಿನಲ್ಲಿ ಇರಿಸಿದಳು.

ಉಳಿದವರು ಒಬ್ಬರೇ. ಮುದ್ದೇಬಿಹಾಳದ ಕಡೆಯವರು, ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಇಳಿದು ಸ್ಕ್ರೀನು ಹಾಕಿಸಿಕೊಂಡು ಹೋಗಿದ್ದರು. ಹಳೆಯ ಸ್ಕ್ರೀನು ಇನ್ನೂ ಗೋಡೆಗೆ ಒರಗಿತ್ತು. ಮುಬೀನಾ ಅದನ್ನು ತೆಗೆದು ಬೆಳಕಿಗೆ ಹಿಡಿದಳು. ಒಡಕು ಮೇಲಂಚಿನಲ್ಲಿ, ನಡುವಿನಿಂದ ಸ್ವಲ್ಪ ಎಡಕ್ಕೆ. ಅವರ ನಂಬರಿಗೆ ಹಚ್ಚಿದರೆ ಬೇರೆ ಯಾರೋ ಎತ್ತಿ, ಈ ಸಿಮ್ ತಗೊಂಡು ಎರಡ ತಿಂಗಳಾತ್ರಿ, ಹಿಂದಿನವರು ಯಾರೋ ಗೊತ್ತಿಲ್ಲ ಅಂದರು. ಆ ಗಿರಾಕಿಯ ಹೆಸರನ್ನು ಅವಳು ಕೇಳಿರಲಿಲ್ಲ. ಮಡಿಲಲ್ಲಿ ಲ್ಯಾಪ್‌ಟಾಪ್ ಚೀಲ ಇಟ್ಟುಕೊಂಡು ಬಸ್ಸಿನ ಕಿಟಕಿಗೆ ಕೂತಿದ್ದರು ಎನ್ನುವುದಷ್ಟೇ ನೆನಪು. ಮುದ್ದೇಬಿಹಾಳದ ಮೂರು ಮೊಬೈಲ್ ಅಂಗಡಿಗಳಿಗೆ ಹೋಗಿ ವಿಚಾರಿಸಿ ಬಂದಿದ್ದಾಳೆ. ಇನ್ನೂ ಯಾರಿಗೂ ಗುರುತು ಹತ್ತಿಲ್ಲ.