ಹಗಲು ಮಲಗುವವರ ಮನೆ

ದುಂಡೇಶ ಮಾಸ್ತರನಿಗೆ ಹಳಿಯಾಳದ ಕಾಲೇಜಿನ ಹುಡುಗರು ಇಟ್ಟ ಹೆಸರು 'ಪಿಸುಪಿಸು ಸರ್'. ಸಿನಿಮಾ ಪಾಠ ಹೇಳುವ ಮನುಷ್ಯ 'ಆ್ಯಕ್ಷನ್' ಎಂಬುದನ್ನೂ ಗುಟ್ಟು ಹೇಳಿದಂತೆ ಹೇಳಿದರೆ ಇನ್ನೇನು ಹೆಸರಿಟ್ಟಾರು? ತಪ್ಪು ಅವನದಲ್ಲ, ದಾಂಡೇಲಿಯ ಅಂಬೇವಾಡಿಯಲ್ಲಿ ಅವನು ಬೆಳೆದ ಮನೆಯದು.

ಅಪ್ಪ ಮಹಾಂತಪ್ಪ ಕಾಗದದ ಮಿಲ್ಲಿನಲ್ಲಿ ಪಾಳಿ ಅದಲುಬದಲು ಮಾಡಿಕೊಂಡು ಹೆಚ್ಚುಕಡಿಮೆ ರಾತ್ರಿಯೇ ದುಡಿದವನು. ಹಗಲು ಮಲಗುತ್ತಿದ್ದ. ಹಾಗಾಗಿ ಆ ಎರಡು ಕೋಣೆಯ ಮನೆಯಲ್ಲಿ ಎಲ್ಲ ಕೈಸನ್ನೆಯೇ. ಬೆರಳು ಬಾಯಿಗೆ ತಂದರೆ ಊಟ, ಅಂಗೈ ಮಗುಚಿದರೆ ಅನ್ನ ಮುಗಿದಿದೆ. ಕುಕ್ಕರು ಸೀಟಿ ಹೊಡೆಯುವ ಮೊದಲೇ ಅವ್ವ ಗೋದುಬಾಯಿ ಒಲೆ ಆರಿಸುತ್ತಿದ್ದಳು. ಮಾತಿಲ್ಲದೆ ಮುಖ ಓದುವುದನ್ನು ದುಂಡೇಶ ಕಲಿತದ್ದು ಅಲ್ಲಿ. ಅದೇ ಬಂಡವಾಳದಲ್ಲಿ ಮಾಡಿದ ಮೊದಲ ಚಿತ್ರಕ್ಕೆ ಪರಊರುಗಳಲ್ಲಿ ಚಪ್ಪಾಳೆ ಬಿತ್ತು. ದಾಂಡೇಲಿಯಲ್ಲಿ ನೋಡಿದವರು ಹನ್ನೊಂದು ಮಂದಿ. ಹಿತ್ತಲ ಗಿಡ ಮದ್ದಲ್ಲ.

ಎರಡನೆಯ ಚಿತ್ರ ಅವ್ವನ ಮೇಲೆ. ಆರು ವರ್ಷವಾದರೂ ಮುಗಿದಿಲ್ಲ. ದೃಶ್ಯಗಳೆಲ್ಲ ಸಿದ್ಧ, ಅವಳ ದನಿಯೊಂದು ಇಲ್ಲ. ಮೈಕು ಹಿಡಿದರೆ "ನಿಮ್ಮಪ್ಪ ಮಲಗ್ಯಾನ" ಎಂದು ಪಿಸುಗುಡುತ್ತಾಳೆ. ಮಹಾಂತಪ್ಪ ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಆದರೂ ಅವನಿಗೆ ನಿದ್ದೆ ಬರುವುದು ಹಗಲಿಗೇ. ಈ ಚಿತ್ರ ಮುಗಿಯದೆ ಆ ಮನೆಯಿಂದ ತನಗೆ ಬಿಡುಗಡೆಯಿಲ್ಲ ಎಂದು ದುಂಡೇಶನಿಗೆ ಗೊತ್ತಿತ್ತು.

ಕೊನೆಗೆ ಕಳೆದ ಶನಿವಾರ ಅವ್ವನನ್ನು ಬಸ್ಸಿನಲ್ಲಿ ಹಳಿಯಾಳಕ್ಕೆ ಕರೆತಂದ. ಕಾಲೇಜಿನ ಧ್ವನಿಮುದ್ರಣದ ಕೋಣೆಯಲ್ಲಿ ಕೂರಿಸಿ ದಪ್ಪ ಬಾಗಿಲು ಹಾಕಿದ.

"ಇಲ್ಲಿ ಯಾರೂ ಮಲಗಿಲ್ಲವ್ವ. ಎಷ್ಟ ಜೋರ ಮಾತಾಡಿದ್ರೂ ಹೊರಗ ಕೇಳಂಗಿಲ್ಲ."

ಗೋದುಬಾಯಿ ಗೋಡೆಯನ್ನು ಮುಟ್ಟಿ ನೋಡಿದಳು. "ಖರೇನ?"

"ಖರೇ."

"ತವರುಮನಿ ತೇರಗಾಂವದಾಗ ನಾ ಹೊಲದಾಗ ನಿಂತು ಹಾಡಿದ್ರ ಕೆರಿ ದಂಡಿ ತನಕ ಕೇಳ್ತಿತ್ತು," ಎಂದಳು, ಇನ್ನೂ ಪಿಸುದನಿಯಲ್ಲೇ. "ಲಗ್ನ ಆದಮ್ಯಾಲ ಹಾಡಿಲ್ಲ."

ಆಮೇಲೆ ಕಣ್ಣು ಮುಚ್ಚಿ, ಎದೆತುಂಬ ಉಸಿರೆಳೆದು ಹಾಡತೊಡಗಿದಳು. ಕೋಣೆಯಲ್ಲಿ ಹಿಡಿಸಲಾರದಷ್ಟು ದೊಡ್ಡ ದನಿ. ತನ್ನ ನಲವತ್ತೆರಡು ವರ್ಷದಲ್ಲಿ ದುಂಡೇಶ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಬೆಚ್ಚಿಬಿದ್ದ. ಅವನಿಗೆ ತಿಳಿಯುವ ಮೊದಲೇ ತೋರುಬೆರಳು ತುಟಿಯ ಮೇಲಿತ್ತು, "ಶ್" ಎಂದುಬಿಟ್ಟಿದ್ದ.

ಹಾಡು ನಿಂತಿತು. ಅವ್ವ ಕಣ್ಣು ತೆರೆದು ಆ ಬೆರಳನ್ನೇ ನೋಡಿದಳು.

"ತಪ್ಪಾತವ್ವ. ಹಾಡು," ಎಂದು ಅವನು ಬೇಡಿಕೊಂಡ. ಅದೂ ಪಿಸುದನಿಯಲ್ಲೇ ಬಂತು.

ಗೋದುಬಾಯಿ ಸೆರಗು ಸರಿಮಾಡಿಕೊಂಡಳು. ಬಾಗಿಲಿನ ಕಡೆ ಕೈ ತೋರಿಸಿ, ಹೋಗೂಣು ಎಂದು ಸನ್ನೆ ಮಾಡಿದಳು.